ಮೀನಿನ ತೊಟ್ಟಿಗೆ ನಾನು ಹಚ್ಚಿದ ದೀಪ

ಹರ್ಷಿತಾ, ಚಿನ್ಮಯ,

ನೀವಿಬ್ಬರೂ ಈಗ ಪಕ್ಕದ ಕೋಣೆಯಲ್ಲೇ ಇದ್ದೀರಿ. ಒಂದು ಸಲ ಕೂಗಿದರೆ ಎದ್ದು ಬರುತ್ತೀರಿ. ಆದರೂ ಕೂಗದೆ, ಹರ್ಷಿತಾಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತ ಕೂತಿದ್ದೇನೆ. ಬಾಯಿಬಿಟ್ಟು ಹೇಳಲು ನಿಮ್ಮ ಈ ಅಜ್ಜಿಗೆ ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಬರೆಯಬೇಕು ಅನ್ನಿಸಿದ್ದು ಇವತ್ತು ಬೆಳಿಗ್ಗೆ ಒಂದು ಬಕೆಟ್ಟನ್ನು ನೋಡಿ. ಚಿನ್ಮಯ ಮೀನಿನ ತೊಟ್ಟಿಯಲ್ಲಿ ಒತ್ತಾಗಿ ಬೆಳೆದಿದ್ದ ಗಿಡಗಳಲ್ಲಿ ಅರ್ಧ ಕಿತ್ತು, ಎದುರುಮನೆ ಮಂಗಳಮ್ಮನಿಗೆ ಕೊಡಲೆಂದು ಬಕೆಟ್ಟಿನ ನೀರಿನಲ್ಲಿ ಹಾಕಿದ್ದ. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ.

"ಎಷ್ಟ್ ಚೆಂದಾಗ್ ಬೆಳ್ಸಿದ್ದೀಯಪ್ಪ. ನಮ್ ತೊಟ್ಟೀಲಿ ಬರೀ ಪ್ಲಾಸ್ಟಿಕ್ ಗಿಡ," ಎಂದಳು ಮಂಗಳಮ್ಮ.

"ನಂದೂ ಮೊದ್ಲು ಕೆಟ್ಟೋಗಿತ್ತು ಆಂಟಿ. ಶ್ರಾವಣದಲ್ಲಿ ನಾನು ಲೈಟ್ ಆರ್ಸೋದ್ ಮರ್ತು ಮರ್ತು ನೀರೆಲ್ಲ ಹಸ್ರಾಗೋಯ್ತು. ಆಮೇಲೆ ಬುದ್ಧಿ ಬಂತು," ಎಂದ ಚಿನ್ಮಯ, ದೊಡ್ಡ ಮನುಷ್ಯನ ಹಾಗೆ.

ನನ್ನ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಯ ಗುಡ್ಡೆಗೆ ಹೋಯಿತು, ಸಿಪ್ಪೆ ಕಾಳಿನ ಪಾತ್ರೆಗೆ ಬಿತ್ತು. ಮಗು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದಾನೆ. ಆದರೆ ಆ ತಪ್ಪು ಅವನದಲ್ಲ, ನನ್ನದು. ನಾಲ್ಕೈದು ತಿಂಗಳಿಂದ ಅದನ್ನು ಅವನ ತಲೆಯ ಮೇಲೆ ಹೊರಿಸಿ ನಾನು ಹಾಯಾಗಿ ಕೂತಿದ್ದೇನೆ. ಇವತ್ತು ಅದನ್ನು ಇಳಿಸಿಯೇ ಏಳಬೇಕು ಅಂತ ಪೆನ್ನು ಹಿಡಿದಿದ್ದೇನೆ. ನಡುವೆ ಮಾತು ಅತ್ತ ಇತ್ತ ಹೋದರೆ ಸಹಿಸಿಕೊಳ್ಳಿ.

ನನ್ನ ನಾಚಿಕೆ ಇವತ್ತಿನದಲ್ಲ. ಕಿಕ್ಕೇರಿ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಮೇಷ್ಟ್ರು ಹಾಜರಿ ಕರೆದಾಗ ಎಲ್ಲರಂತೆ ನಾನೂ "ಹಾಜರ್ ಸಾರ್" ಅನ್ನುತ್ತಿದ್ದೆ. ಅದು ನನಗೆ ಮಾತ್ರ ಕೇಳುತ್ತಿತ್ತು. ಒಂದು ದಿನ ಮೇಷ್ಟ್ರು ಸಂತೆಯಲ್ಲಿ ನಮ್ಮಪ್ಪನನ್ನು ಹಿಡಿದು, "ನಿಮ್ ಮಗಳು ಎರಡು ತಿಂಗಳಿಂದ ಸ್ಕೂಲ್ ಕಡೆ ತಲೆ ಹಾಕಿಲ್ಲವಲ್ಲ" ಅಂದರಂತೆ. ಅಪ್ಪ ಮನೆಗೆ ಬಂದವರೇ, "ದಿನಾ ಬ್ಯಾಗ್ ತಕ್ಕೊಂಡು ಎಲ್ಲಿಗ್ ಓಗ್ತಿದ್ದೆ?" ಎಂದು ಗದರಿದರು. "ಸ್ಕೂಲ್ಗೆ" ಅಂದೆ. ಅದೂ ಕೇಳಲಿಲ್ಲ. ಮಾರನೆಯ ದಿನ ಅಪ್ಪ ನನ್ನ ಕೈ ಹಿಡಿದುಕೊಂಡು ಶಾಲೆಗೆ ಬಂದಾಗ ಮೇಷ್ಟ್ರು ಕನ್ನಡಕ ಒರೆಸಿ ನೋಡಿದರು. "ಇವಳಾ? ಇವಳು ದಿನಾ ಎರಡನೇ ಸಾಲಲ್ಲಿ ಕೂತಿರ್ತಾಳಲ್ಲ. ಇವಳ ಹೆಸರೇನು?" ಅಂದರು.

ಶಾಲೆ ಬಿಟ್ಟ ಮೇಲೆ ಮಾತ್ರ ನಾನು ಬೇರೆ ಹುಡುಗಿ. ಊರ ಮುಂದೆಯೇ ಕೆರೆ. ಎಮ್ಮೆಗಳು ಕೆರೆಯಿಂದ ಏಳುವಾಗ ಕೊಂಬಿಗೆಲ್ಲ ಹಸಿರು ಜೋತುಬಿದ್ದು, ಮದುಮಗಳ ಹಾಗೆ ಬಾಸಿಂಗ ಕಟ್ಟಿಕೊಂಡು ಬರುತ್ತಿದ್ದವು. ಆ ನೀರಿನಲ್ಲಿ ರಿಬ್ಬನ್ನಿನಂಥ ಒಂದು ಗಿಡವಿತ್ತು. ಬೇರು ಕೆಸರಿನಲ್ಲಿ, ಎಲೆ ಮಾರುದ್ದ. ಅದಕ್ಕೆ ನಮ್ಮಲ್ಲಿ ಹೆಸರೇ ಇರಲಿಲ್ಲ. ನೀರಿನಲ್ಲಿ ಹಸಿರಾಗಿ ಇರುವುದೆಲ್ಲ ನಮಗೆ ಪಾಚಿಯೇ. ನನಗೆ ಜಡೆ ಗಿಡ್ಡ, ಭುಜ ದಾಟುತ್ತಿರಲಿಲ್ಲ. ಆ ಎಲೆಗಳನ್ನು ಕಿತ್ತು ಜಡೆಯ ಜೊತೆ ಸೇರಿಸಿ ಹೆಣೆದರೆ ಮೊಣಕಾಲಿನವರೆಗೆ ಜಡೆ. ಲಂಗದ ಹಿಂಭಾಗ ತೊಪ್ಪೆಯಾಗಿ ನೀರು ಸೋರಿಸಿಕೊಂಡು, ಕೆರೆ ಏರಿಯ ಮೇಲೆ ಒಬ್ಬಳೇ ರಾಣಿಯ ಹಾಗೆ ನಡೆಯುತ್ತಿದ್ದೆ. ಯಾರಾದರೂ ಎದುರು ಬಂದರೆ ಜಡೆ ಕಿತ್ತು ಕೆರೆಗೆ ಎಸೆದು, ಏನೂ ತಿಳಿಯದವಳಂತೆ ನಿಲ್ಲುತ್ತಿದ್ದೆ.

ಅಂಥ ಕೆರೆಯಂಗಳದಿಂದ ಎದ್ದು ನಾಗಮಂಗಲದ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದೆ. ನಿಮ್ಮ ತಾತನ ಊರು. ಅಲ್ಲಿ ರಾಗಿ, ಹುರುಳಿ, ಕುರಿ. ನೀರು ಸೇದಿ, ಹೊತ್ತು ತರಬೇಕು. ಮುಖ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಪಾತ್ರೆ ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ. ಆ ಅಭ್ಯಾಸದವಳ ಕಣ್ಣೆದುರಿಗೆ, ಈಗ ನಾವಿರುವ ಬಾಬುರಾಯನಕೊಪ್ಪಲಿನ ಈ ಮನೆಗೆ, ನಿಮ್ಮಪ್ಪ ಮಹೇಶ ಒಂದು ಗಾಜಿನ ತೊಟ್ಟಿ ತಂದು ಆರು ಕೊಡ ನೀರು ಸುರಿದಾಗ ನಾನು ಕೊಡಗಳನ್ನು ಎಣಿಸುತ್ತ ನಿಂತೆ. ಕುಡಿಯುವುದಕ್ಕಲ್ಲ, ತೊಳೆಯುವುದಕ್ಕಲ್ಲ, ಬರೀ ನೋಡುವುದಕ್ಕೆ ಆರು ಕೊಡ ನೀರು.

"ಎಲ್ಲಿ ಇಡೋಣ?" ಎಂದ ಮಹೇಶ. ಹಜಾರದಲ್ಲಿ ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತದೆ, ಹಾಗೆ ಬಿದ್ದರೆ ನೀರು ಕೆಡುತ್ತದೆ ಎಂದು ಅಂಗಡಿಯವರು ಹೇಳಿದ್ದರಂತೆ. ಬಿಸಿಲು ಬೀಳದ ಜಾಗ ಈ ಮನೆಯಲ್ಲಿ ಒಂದೇ, ನನ್ನ ಕೋಣೆ. ಹೀಗೆ ತೊಟ್ಟಿ ನನ್ನ ಮಂಚದ ಕಾಲಬದಿಗೆ ಬಂದು ಕೂತಿತು.

ತೊಟ್ಟಿಯ ಜೊತೆಗೇ ಬಂದಿದ್ದ ದೀಪ ನೀಲಿ. ಅದನ್ನು ಹಾಕಿದರೆ ಕೋಣೆ ಮದುವೆಮನೆಯ ಸೀರಿಯಲ್ ಸೆಟ್ಟಿನಂತೆ ಕಾಣುತ್ತಿತ್ತು. "ಅದು ಬರೀ ಚೆಂದಕ್ಕೆ ಅಜ್ಜಿ, ಗಿಡಕ್ಕೆ ಬಿಳೀ ಲೈಟೇ ಬೇಕು" ಎಂದು ಚಿನ್ಮಯ ಬಿಳಿ ಎಲ್‌ಇಡಿಯ ಒಂದು ಪಟ್ಟಿ ಕೂರಿಸಿದ. ಆರು ಗಪ್ಪಿ ಮೀನು ಬಂದವು. ನಾಲ್ಕು ಥರ ಗಿಡ ಬಂದವು. ಅವುಗಳ ಹೆಸರನ್ನು, ಚಿನ್ಮಯ, ನೀನು ನನಗೆ ಪರೀಕ್ಷೆಗೆ ಕಲಿಸಿದಂತೆ ಕಲಿಸಿದೆ ಕಂದ, ಈಗಲೂ ಬಾಯಿಗೆ ಬರುತ್ತವೆ. ಅನುಬಿಯಾಸ್, ಎಲೆ ವೀಳ್ಯದೆಲೆಗಿಂತ ದಪ್ಪ, ಮುಟ್ಟಿದರೆ ತೊಗಲು. ಹಾರ್ನ್‌ವರ್ಟ್, ನೀರಿನಲ್ಲಿ ತೇಲುವ ಸಬ್ಬಸಿಗೆ ಸೊಪ್ಪು. ಜಾವಾ ಫರ್ನ್, ಕಾಡುಬಸಳೆಯ ಹಾಗೆ ಎಲೆಯ ಮೇಲೆಯೇ ಮರಿ ಹಾಕುವುದು. ನಾಲ್ಕನೆಯದನ್ನು ನೀನು ಕವರಿನಿಂದ ಎತ್ತಿ ಹಿಡಿದು "ವ್ಯಾಲಿಸ್ನೇರಿಯಾ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಅದು ನನ್ನ ಜಡೆ. ಎಮ್ಮೆಯ ಕೊಂಬಿನ ಬಾಸಿಂಗ. ಅದನ್ನು ಅಂಗಡಿಯಲ್ಲಿ ಮಾರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಯಾಕೆ ನಗುತ್ತೀಯ ಎಂದು ನೀನು ಕೇಳಿದೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋದೆ.

ನೀನು ಒಂದು ಕಟ್ಟಳೆ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಡುವಾಗ ದೀಪ ಹಾಕುವುದು, ಸಂಜೆ ನಾಲ್ಕಕ್ಕೆ ಬಂದ ಮೇಲೆ ಆರಿಸುವುದು. ಎಂಟು ಗಂಟೆ ಬೆಳಕು, ಅಷ್ಟೇ. ಮೊದಲ ಹತ್ತು ದಿನ ಎಲ್ಲ ಚೆನ್ನಾಗಿತ್ತು.

ಹನ್ನೊಂದನೆಯ ದಿನ ನಾನು ಕೈ ಹಾಕಿದೆ.

ಅದಕ್ಕೆ ಕಾರಣ ಹೇಳಬೇಕಾದರೆ ಒಂದು ಹಳೆಯ ಮಾತು ಹೇಳಬೇಕು. ನಾಗಮಂಗಲದ ಮನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಸಂಜೆಯ ದೀಪ ಹಚ್ಚಿದವಳು ನಾನು. ನಿಮ್ಮ ತಾತ ಹೋದಾಗ, ಹನ್ನೊಂದನೆಯ ದಿನ, ತಾತನ ಅಕ್ಕ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ, "ಇನ್ ಮೇಲೆ ದೀಪ ಸೊಸೆ ಅಚ್ಲಿ ಕಣವ್ವ. ನೀನ್ ಮುಟ್ಬ್ಯಾಡ" ಎಂದರು. ಕೋಪದಿಂದ ಹೇಳಿದ್ದಲ್ಲ, ಅವರಿಗೆ ತಿಳಿದ ಪದ್ಧತಿ ಹೇಳಿದರು. ನಾನು "ಊಂ" ಅಂದೆ. ಅಲ್ಲಿಂದ ಮುಂದೆ ಒಂಬತ್ತು ವರ್ಷ, ಈ ಮನೆಗೆ ಬಂದ ಮೇಲೂ, ನಿಮ್ಮಮ್ಮ ಸವಿತಾ ದೀಪ ಹಚ್ಚುತ್ತಿದ್ದಳು, ನಾನು ನೋಡುತ್ತಿದ್ದೆ. ದುಃಖವೆಂದು ದೊಡ್ಡ ಮಾತು ಆಡುವುದಿಲ್ಲ. ಆದರೆ ಸಂಜೆ ಆರೂವರೆಗೆ ನನ್ನ ಕೈಗಳು ತಾವೇ ಮಡಿಲಿನಿಂದ ಎದ್ದು, ಬೆಂಕಿಪೊಟ್ಟಣ ಹುಡುಕಿ, ಇಲ್ಲವೆಂದು ತಿಳಿದು ಮತ್ತೆ ಕೂರುತ್ತಿದ್ದವು.

ಆ ಹನ್ನೊಂದನೆಯ ಸಂಜೆ ಕೋಣೆ ಕತ್ತಲಾಗುತ್ತಿತ್ತು. ತೊಟ್ಟಿಯೊಳಗೆ ಮೀನುಗಳು ನೆರಳಿನಂತೆ ಓಡಾಡುತ್ತಿದ್ದವು. ಸ್ವಿಚ್ಚು ಮಂಚದಿಂದ ಕೈಗೆಟಕುವಷ್ಟು ಹತ್ತಿರ. ಒತ್ತಿದೆ. ಬೆಳಕು ಬಂತು, ಆರೂ ಮೀನು ಗಾಜಿನ ಹತ್ತಿರ ಓಡಿ ಬಂದು ನನ್ನನ್ನೇ ನೋಡಿದವು. ಬಾಲ ಹರಿದ ಒಂದು ಮೀನಿತ್ತಲ್ಲ, ಅದು ಎಲ್ಲಕ್ಕಿಂತ ಮುಂದೆ. ನನ್ನ ಕೈ ತಾನಾಗಿಯೇ ಮುಗಿಯಿತು. ಸೊಸೆ ಬಂದುಬಿಟ್ಟಾಳೆಂದು ಬೇಗ ಇಳಿಸಿದೆ.

ಹಚ್ಚಿದ್ದೇನೋ ಆಯಿತು. ಆರಿಸುವುದು ಹೇಗೆ? ಸಂಜೆ ಹಚ್ಚಿದ ದೀಪವನ್ನು ನಾನು ನನ್ನ ಕೈಯಾರೆ ಎಂದೂ ಆರಿಸಿದವಳಲ್ಲ. ಎಣ್ಣೆ ಮುಗಿದಾಗ ಅದೇ ಮಲಗುತ್ತದೆ. ಈ ದೀಪಕ್ಕೆ ಎಣ್ಣೆಯೇ ಇಲ್ಲವಲ್ಲ. ಕರೆಂಟು ಹೋದಾಗ ಅದೇ ಆರಲಿ ಎಂದು ಬಿಟ್ಟೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಕರೆಂಟು ಆ ಶ್ರಾವಣದಲ್ಲಿ ಒಂದು ಸಲವೂ ಹೋಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ನೀನು ಬಂದಾಗ ದೀಪ ಉರಿಯುತ್ತಲೇ ಇರುತ್ತಿತ್ತು. ಅಪ್ಪನೋ ಅಮ್ಮನೋ ಹಾಕಿರಬೇಕು ಎಂದುಕೊಂಡು ಶಾಲೆಗೆ ಹೋಗುತ್ತಿದ್ದೆ. ನಾಲ್ಕಕ್ಕೆ ಬಂದು ನೀನು ಆರಿಸುತ್ತಿದ್ದೆ. ಆರೂವರೆಗೆ ನಾನು ಮತ್ತೆ ಒತ್ತುತ್ತಿದ್ದೆ. ಪಾಪ, ಗಿಡಗಳಿಗೆ ದಿನಕ್ಕೆ ಎರಡೂವರೆ ಗಂಟೆ ನಿದ್ದೆ.

ಎರಡು ವಾರದಲ್ಲಿ ಎಲೆಗಳ ಮೇಲೆ ಕೂದಲಿನಂಥದ್ದು ಹುಟ್ಟಿತು, ಗಿಡಗಳು ಮಂಕಾದವು. ಇವಕ್ಕೆ ಹಸಿವು ಎಂದುಕೊಂಡೆ. ಹಸಿದ ಗಿಡಕ್ಕೆ ಏನು ಹಾಕಬೇಕೆಂದು ನಾಗಮಂಗಲದಲ್ಲಿ ಬಾಳಿದವಳಿಗೆ ಹೇಳಿಕೊಡಬೇಕೇ? ಹಿತ್ತಲಿನ ಗುಲಾಬಿಗೆಂದು ಇಟ್ಟಿದ್ದ ಕುರಿಗೊಬ್ಬರದಲ್ಲಿ ಒಂದು ಹಿಡಿ ತಂದು, ಯಾರಿಗೂ ಕಾಣದಂತೆ ತೊಟ್ಟಿಯ ಬೆಣಚುಕಲ್ಲುಗಳ ಕೆಳಗೆ ಒತ್ತಿದೆ. ಅದೇ ಸಮಯದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಅನುಬಿಯಾಸ್ ಗಿಡದ ದಪ್ಪ ಕೊಂಬು ಕಲ್ಲಿನ ಮೇಲೆ ಬರಿದಾಗಿ ಕೂತಿದೆ. ಮಗುವಿಗೆ ನೆಡಲು ಬರಲಿಲ್ಲ ಎಂದುಕೊಂಡು, ಅರಿಶಿನದ ಕೊಂಬು ನೆಡುವ ಹಾಗೆ ಎರಡು ಬೆರಳು ಆಳಕ್ಕೆ ಹೂತುಬಿಟ್ಟೆ. ಕೈ ಒರೆಸಿಕೊಂಡು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಮೂರೇ ದಿನ. ನೀರು ಮೊದಲು ಹೆಸರುಕಾಳಿನ ಕಟ್ಟಿನಂತಾಯಿತು, ಆಮೇಲೆ ಬಸ್ಸಾರಿನಂತಾಯಿತು. ಮೀನು ಗಾಜಿಗೆ ಮೂತಿ ತಾಗಿಸಿದರೆ ಮಾತ್ರ ಕಾಣುತ್ತಿತ್ತು. ಸೋಮವಾರ ಮಹೇಶ ಹಾಲಿನ ಡೈರಿಯ ಕೆಲಸ ಮುಗಿಸಿ ಬಂದವನು ನನ್ನ ಕೋಣೆಯ ಬಾಗಿಲಲ್ಲೇ ನಿಂತ.

"ಚಿನ್ಮಯ, ಬಾ ಇಲ್ಲಿ. ಏನ್ಲಾ ಇದು, ತೊಟ್ಟೀಲಿ ಗೋಬರ್ ಗ್ಯಾಸ್ ಮಾಡಕ್ ಒಂಟಿದ್ದೀಯ?"

"ಇಲ್ಲ ಕಣಪ್ಪ."

"ದಿನಾ ಬೆಳಗಾನೆ ಡೈರಿಗ್ ಓಗೋವಾಗ ನೋಡ್ತೀನಿ, ಲೈಟ್ ಉರೀತಾನೇ ಅದೆ. ಯಾರ್ ಆರ್ಸ್ಬೇಕಾಗಿತ್ತು?"

"ನಾನು. ಆರ್ಸಿದ್ದೆ ಅನ್ಸ್ತದೆ."

"ಅನ್ಸ್ತದೆ ಅಂದ್ರೇನ್ಲಾ?"

ಚಿನ್ಮಯ ಕಾಲಿನ ಹೆಬ್ಬೆರಳು ನೋಡಿದ. "ಮರ್ತಿರ್ಬೇಕು," ಎಂದ.

"ಮರ್ಯೋನ್ಗೆ ಮೀನ್ಯಾಕ್ಲಾ? ಭಾನುವಾರದ ಗಂಟ ಟೈಮು. ನೀರು ತಿಳಿಯಾಗ್ನಿಲ್ಲ ಅಂದ್ರೆ ನಾಗಮಂಗಲದ ಬೋರಣ್ಣಂಗೆ ಕೊಟ್ಬುಡ್ತೀನಿ. ಒಸಾ ಮನೆಗೆ ಬೇಕು ಅಂತ ಕೇಳ್ತಾನೇ ಅವ್ನೆ."

ಬೋರಣ್ಣ ನಿಮ್ಮಪ್ಪನ ಜೊತೆ ಡೈರಿಯಲ್ಲಿರುವವನು. ನಾನು ಮಂಚದ ಮೇಲೆ ಅಕ್ಕಿ ಆರಿಸುತ್ತ ಇದ್ದೆ. ಮೊರದಲ್ಲಿ ಕಲ್ಲು ಯಾವುದು ಅಕ್ಕಿ ಯಾವುದು ತಿಳಿಯಲಿಲ್ಲ. ನಾಲಿಗೆ ಎದ್ದಿತು, ಹಲ್ಲಿನವರೆಗೆ ಬಂತು, ಅಲ್ಲೇ ಕೂತಿತು. ಚಿನ್ಮಯ ರಾತ್ರಿ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ, ನನಗೆ ಅಜೀರ್ಣ ಎಂದೆ.

ಬುಧವಾರ ಕಿಕ್ಕೇರಿ ಹತ್ತಿರದ ತವರಿಗೆ ಹೋಗಬೇಕಿತ್ತು, ನನ್ನ ತಮ್ಮನ ಮೊಮ್ಮಗಳ ನಾಮಕರಣ. ಗುರುವಾರ ಹಿಂದಿರುಗುವಾಗ ಬಸ್ಸು ಕೆ.ಆರ್. ಪೇಟೆ ದಾಟಿ ಪಾಂಡವಪುರಕ್ಕೆ ಬರುವ ಹೊತ್ತಿಗೆ ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ನಮ್ಮ ತೊಟ್ಟಿ, ಗಿಡ ತಂದ ಮೀನಿನ ಅಂಗಡಿ ಇರುವುದು ಪಾಂಡವಪುರದಲ್ಲಿ. ನಾನು ಈ ವಯಸ್ಸಿನವರೆಗೆ ಹತ್ತಿದ ಬಸ್ಸಿನಿಂದ ನಡುದಾರಿಯಲ್ಲಿ ಒಬ್ಬಳೇ ಇಳಿದವಳಲ್ಲ. "ಇಳೀಬೇಕು" ಎಂದೆ. ಬಸ್ಸು ಹೊರಟಿತು. "ಇಳೀಬೇಕು" ಎಂದು ಮತ್ತೆ ಅಂದೆ. ಪಕ್ಕದಲ್ಲಿ ಕೋಳಿಯ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ನನ್ನ ತುಟಿ ನೋಡಿ ಎದ್ದು ನಿಂತಳು.

"ನಿಲ್ಸ್ರಪ್ಪ ಕಂಡಕ್ಟ್ರೇ. ಈ ಯಮ್ಮ ಒಳಗೊಳಗೇ ಕೂಗ್ತಾವ್ರೆ."

"ಅಜ್ಜಿ, ನಿಮ್ ಟಿಕೆಟ್ಟು ಶ್ರೀರಂಗಪಟ್ಣಕ್ಕೆ ಕಣಜ್ಜಿ," ಎಂದ ಕಂಡಕ್ಟರು.

"ಅವ್ರಿಗೇನ್ ನಿನ್ ಟಿಕೆಟ್ಟು, ಎಂಗೂ ಫ್ರೀ. ಮುಂದ್ಲ ಬಸ್ಸಲ್ಲಿ ಓಯ್ತಾರೆ ಬುಡು," ಎಂದಳು ಕೋಳಿಯವಳು. ಇಡೀ ಬಸ್ಸು ನನ್ನನ್ನು ನೋಡಿತು. ಇಳಿದೆ.

ಅಂಗಡಿ ಸಿಕ್ಕಿತು. ಒಳಗೆ ಮೂರು ಜನ ಗಂಡಸರು ಮಾತಾಡುತ್ತಿದ್ದರು. ನಾನು ಎದುರುಗಡೆಯ ಬಳೆ ಅಂಗಡಿಯ ನೆರಳಿನಲ್ಲಿ ನಿಂತೆ. ಬಳೆಯವನು ಎರಡು ಸಲ ಅಳತೆ ಕೇಳಿದ. ಕೊನೆಗೆ ಗಂಡಸರು ಎದ್ದು ಹೋದರು, ಗಲ್ಲಾದ ಹಿಂದೆ ಒಬ್ಬ ಹೆಣ್ಣುಮಗಳು ಬಂದು ಕೂತಳು. ನಸೀಮಾ ಎಂದು ಆಮೇಲೆ ತಿಳಿಯಿತು.

"ಏನ್ ಬೇಕಮ್ಮ?"

"ಏನೂ ಬ್ಯಾಡ."

"ಏನೂ ಬ್ಯಾಡ್ದಿದ್ರೆ ಒಳಗ್ ಬಂದು ಕೂತ್ಕೊಳಿ. ಆವಾಗ್ಲಿಂದ ನೋಡ್ತಿದೀನಿ, ಬಿಸಿಲು."

ಕೂತೆ. ಸುತ್ತ ಗಾಜಿನ ತೊಟ್ಟಿಗಳು, ಎಲ್ಲದರ ನೀರೂ ಕನ್ನಡಿಯಂತೆ. ಅದನ್ನು ನೋಡಿಯೇ ನನಗೆ ಅಳು ಬಂದಂತಾಯಿತು. ನಿಮ್ಮಲ್ಲೇ ಕೊಂಡ ನಮ್ಮ ತೊಟ್ಟಿಯ ನೀರು ಹಸಿರಾಗಿದೆ ಎಂದೆ.

"ದಿನಕ್ ಎಷ್ಟೊತ್ತು ಲೈಟ್ ಉರಿಸ್ತೀರಾ?"

ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. "ಆರ್ಸೋದೇ ಇಲ್ಲ," ಎಂದೆ. ಈ ಸತ್ಯವನ್ನು ನಾನು ಮೊದಲು ಹೇಳಿದ್ದು ನಿಮಗಲ್ಲ, ನಿಮ್ಮಪ್ಪನಿಗಲ್ಲ, ಪಾಂಡವಪುರದ ಆ ಹೆಣ್ಣುಮಗಳಿಗೆ.

"ಅಂದ್ರೆ?"

"ಸಂಜೆ ಅಚ್ಚಿದ್ ದೀಪಾನ ಎಂಗ್ ಆರ್ಸೋದು ಕಣವ್ವ?"

ಅವಳು ಕೈಯಲ್ಲಿದ್ದ ಸಣ್ಣ ಬಲೆಯನ್ನು ಕೆಳಗಿಟ್ಟಳು. ನಕ್ಕರೆ ನಾನು ಎದ್ದು ಹೋಗುತ್ತೇನೆಂದು ಅವಳಿಗೆ ತಿಳಿದಿರಬೇಕು, ನಗಲಿಲ್ಲ.

"ನೋಡಿ ಅಮ್ಮಾ. ಮೊದ್ಲ ಸಲ ತೊಟ್ಟಿ ಇಡೋರ್ಗೆ ನಾವು ಈ ನಾಕೇ ಗಿಡ ಕೊಡೋದು, ಯಾಕಂದ್ರೆ ಇವು ಏನೂ ಕೇಳಲ್ಲ. ಮರದ್ ನೆಳ್ಳಲ್ಲಿ, ಕಲ್ ಸಂದೀಲಿ ಬೆಳ್ಯೋವು. ನಿಮ್ಮಂಗೇ. ಒಂದ್ ಮೂಲೆ, ಸ್ವಲ್ಪ ಬೆಳಕು, ಸಾಕು. ಜಾಸ್ತಿ ಬೆಳಕು ಕೊಟ್ರೆ ಇವು ತಿನ್ನಲ್ಲ, ಪಾಚಿ ತಿಂದ್ಬುಡ್ತದೆ. ಗಿಡಕ್ಕೂ ಕತ್ಲೆ ಬೇಕು. ಗೊಬ್ಬರ ಗಿಬ್ಬರ ಏನೂ ಹಾಕಿಲ್ಲ ತಾನೆ?"

ನಾನು ನೆಲ ನೋಡಿದೆ.

"ಅರೆ, ಹಾಕಿದ್ದೀರಾ? ಏನು?"

"ಕುರೀದು."

ಈಗ ಅವಳಿಗೆ ತಡೆಯಲಾಗಲಿಲ್ಲ. ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು. ಇಬ್ಬರೂ ಸೇರಿ ಎಷ್ಟು ನಕ್ಕೆವೆಂದರೆ ಬಳೆಯವನು ಇಣುಕಿ ನೋಡಿದ. "ಮೀನೇ ದಿನಾ ಗೊಬ್ಬರ ಹಾಕ್ತವಲ್ಲಮ್ಮ, ಅದೇ ಸಾಕು ಅವಕ್ಕೆ," ಎಂದಳು. ಆಮೇಲೆ ಅನುಬಿಯಾಸ್ ಕೊಂಬು ಹೂತದ್ದನ್ನೂ ನಾನೇ ಒಪ್ಪಿಸಿದೆ. ಕೊಂಬು ಹೂತರೆ ಕೊಳೆಯುತ್ತದೆ, ಕಲ್ಲಿಗೆ ದಾರ ಸುತ್ತಿ ಕಟ್ಟಬೇಕು ಎಂದಳು. ಗೊಬ್ಬರ ಹೆಕ್ಕಿ ತೆಗೆಯಿರಿ, ಅರ್ಧ ನೀರು ಬದಲಾಯಿಸಿ, ಮೂರು ದಿನ ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಕತ್ತಲಲ್ಲಿಡಿ, ಮೀನು ಸಾಯುವುದಿಲ್ಲ ಎಂದು ಧೈರ್ಯ ಹೇಳಿದಳು. ನನ್ನನ್ನು ತಾನೇ ಬಸ್ಸು ಹತ್ತಿಸಿದಳು.

ಮನೆಗೆ ಬಂದಾಗ ಮೂರು ಗಂಟೆ, ಸವಿತಾ ಮಲಗಿದ್ದಳು. ಭುಜದವರೆಗೆ ಕೈ ಇಳಿಸಿ ಗೊಬ್ಬರ ಹೆಕ್ಕಿದೆ. ನೀರು ಮೊಗೆದು ಹಿತ್ತಲಿನ ಬಾಳೆಗೆ ಸುರಿದೆ. ಎಷ್ಟೇ ಕಲಿತರೂ ನೀರನ್ನು ಮೋರಿಗೆ ಚೆಲ್ಲಲು ನನಗೆ ಕೈ ಬರುವುದಿಲ್ಲ. ಅನುಬಿಯಾಸನ್ನು ಕಲ್ಲಿಗೆ ಕಟ್ಟಿದೆ. ಮಲ್ಲಿಗೆ ಕಟ್ಟುವ ಕೈ, ನಾಲ್ಕು ಸುತ್ತಿಗೆ ಗಂಟು ಬಿತ್ತು. ನಿಮ್ಮ ತಾತನ ಕರಿ ಕಂಬಳಿ ಹೊದಿಸಿ ಮುಗಿಸುವಷ್ಟರಲ್ಲಿ ಚಿನ್ಮಯ ಬಂದ.

"ಅಜ್ಜಿ, ಯಾಕೆ ಮುಚ್ಚಿದ್ದೀಯ?"

"ಅಂಗಡಿಯೋರು ಏಳಿದ್ರು," ಎಂದೆ. ಅಷ್ಟು ಹೇಳಿದವಳು ಉಳಿದದ್ದನ್ನೂ ಹೇಳಬಹುದಿತ್ತು. ಹೇಳಲಿಲ್ಲ. ನೀನು ಕಂಬಳಿಯ ಅಂಚನ್ನು ಸರಿ ಮಾಡಿ, "ನಾನು ಇನ್ಮೇಲೆ ಮರೆಯಲ್ಲ ಅಜ್ಜಿ" ಎಂದೆ. 

ಭಾನುವಾರ ಬಂತು. ಹರ್ಷಿತಾ ಸ್ಪೆಷಲ್ ಕ್ಲಾಸಿಗೆ ಹೋಗಿದ್ದಳು. ತೊಟ್ಟಿ ಹೋಗುವುದನ್ನು ನೋಡಲಾರೆ ಎಂದು ಚಿನ್ಮಯ ಬ್ಯಾಟು ಹಿಡಿದು ಆಚೆ ಹೋಗಿದ್ದ. ಹಾಗಾಗಿ ಮುಂದಿನದು ನಿಮ್ಮಿಬ್ಬರಿಗೂ ಗೊತ್ತಿಲ್ಲ. ಹನ್ನೊಂದಕ್ಕೆ ಬೋರಣ್ಣ ವ್ಯಾನು ತಂದು ನಿಲ್ಲಿಸಿ ಒಳಗೆ ಬಂದ.

"ಏನಣ್ಣ, ತೊಟ್ಟಿಗೆ ಜರ ಬಂದದಾ? ಕಂಬಳಿ ಒದ್ಸಿದ್ದೀರಿ."

ಮಹೇಶ ಕಂಬಳಿ ಎಳೆದ. ಹಸಿರು ಹೋಗಿತ್ತು. ಆದರೆ ನೀರು ತಿಳಿಯಾಗಿರಲಿಲ್ಲ, ನೀರುಮಜ್ಜಿಗೆಯ ಹಾಗೆ ಮಬ್ಬು. ಮೀನು ಆರೂ ಇದ್ದವು. "ಪರ್ವಾಗಿಲ್ಲ ಬುಡಣ್ಣ, ಮನೇಗ್ ಓಗಿ ತೊಳ್ಕತೀನಿ," ಎಂದು ಬೋರಣ್ಣ ಪಂಚೆ ಮೇಲಕ್ಕೆ ಕಟ್ಟಿದ. ಇಬ್ಬರೂ ತೊಟ್ಟಿಯ ಎರಡು ಕಡೆ ಕೈ ಹಾಕಿದರು.

"ಬ್ಯಾಡ," ಎಂದೆ. ಯಾರಿಗೂ ಕೇಳಲಿಲ್ಲ.

"ಬ್ಯಾಡ ಕಣಪ್ಪ ಮಹೇಶ," ಎಂದೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು.

ಮೂರನೆಯ ಸಲ ಬಾಯಿ ಬಿಡಲಿಲ್ಲ. ಹೋಗಿ ತೊಟ್ಟಿಯ ಮುಂದೆ ನಿಂತೆ. ಹೊರಗಿನವರ ಎದುರಿಗೆ ನಾನು ನಡುಮನೆಗೂ ಬರುವವಳಲ್ಲ ಎಂದು ನಿಮಗೆ ಗೊತ್ತು. ಮಹೇಶ ಗಾಬರಿಯಾಗಿ ಕೈ ತೆಗೆದ. "ಏನಾಯ್ತವ್ವ?"

"ಮಗ ಮರ್ತಿರ್ನಿಲ್ಲ. ಅವ್ನು ದಿನಾ ಆರಿಸ್ತಿದ್ದ. ಅಚ್ತಾ ಇದ್ದದ್ದು ನಾನು. ಗೊಬ್ಬರ ಆಕ್ದೋಳೂ ನಾನೇ."

"ಗೊಬ್ಬರಾನಾ?" ಎಂದ ಬೋರಣ್ಣ. "ಒಂದ್ ಸೇರು ರಾಗೀನೂ ಬಿತ್ಬುಡ್ಬೇಕಾಗಿತ್ತು ಕಣವ್ವ."

ಮಹೇಶ ನಗಲಿಲ್ಲ. "ಯಾಕವ್ವ? ಲೈಟ್ ಯಾಕ್ ಆಕ್ತಿದ್ದೆ?"

"ಸಂಜೆ ದೀಪ ಕಣಪ್ಪ," ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬರಲಿಲ್ಲ. ಸವಿತಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು. ಅವಳಿಗೆ ಅರ್ಥವಾಯಿತು.

"ಅದ್ಕೆ ಮೀನಿನ್ ತೊಟ್ಟಿ ಯಾಕತ್ತೆ? ದೇವ್ರ ಮುಂದೆ ದೀಪ ಇಲ್ವಾ? ಯಾರ್ ಬ್ಯಾಡ ಅಂದ್ರು ನಿಮ್ಗೆ?"

"ನಿಮ್ ಮಾವನ್ ಅಕ್ಕ."

"ಆಯಮ್ಮ ತೀರ್ಕೊಂಡೇ ನಾಕ್ ವರ್ಸ ಆಯ್ತಲ್ಲ."

ಹೌದು, ಆದರೆ ಹೋಗುವ ಮೊದಲು ಅಪ್ಪಣೆ ವಾಪಸ್ಸು ತೆಗೆದುಕೊಳ್ಳಲಿಲ್ಲವಲ್ಲ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ನಾನ್ ದಿನಾ ಒಲೆ ಮೇಲೆ ಸಾರು ಬುಟ್ಟು ಓಡ್ಬಂದು ದೀಪ ಅಚ್ತೀನಿ. ಇತ್ಲಾಗ್ ಬತ್ತಿ, ಅತ್ಲಾಗ್ ಸಾರು ಉಕ್ತದೆ. ನೀವ್ ನೋಡಿದ್ರೆ ಕೈ ಕಟ್ಕೊಂಡು ಕೂತಿರ್ತೀರ. ಅತ್ತೆಗೆ ಇಷ್ಟ ಇಲ್ವೇನೋ, ಕೇಳಿದ್ರೆ ನೊಂದ್ಕೊಂಡಾರು ಅಂತ ನಾನ್ ಸುಮ್ನಿದ್ದೆ." ಇಷ್ಟು ಹೇಳಿ ಸವಿತಾ ಮೂಗು ಒರೆಸಿಕೊಂಡಳು. "ಇವತ್ನಿಂದ ನೀವೇ ಅಚ್ಚಿ. ನನ್ ಸಾರಾದ್ರೂ ಉಳೀಲಿ."

ಒಂಬತ್ತು ವರ್ಷ ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ನೋಯಿಸಬಾರದೆಂದು ಒಂದು ಬೆಂಕಿಪೊಟ್ಟಣದ ಸುತ್ತ ಹೀಗೆ ಸುಮ್ಮನಿದ್ದೆವು. ಅವತ್ತು ಸಂಜೆ ನಾನು ಎರಡು ಕಡ್ಡಿ ಹಾಳು ಮಾಡಿದೆ. ಮೂರನೆಯದು ಹತ್ತಿತು. ಪಕ್ಕದ ಕೋಣೆಯಲ್ಲಿ ತೊಟ್ಟಿ ಕತ್ತಲಲ್ಲಿ ತನ್ನ ಪಾಡಿಗೆ ನಿದ್ದೆ ಮಾಡುತ್ತಿತ್ತು.

ಬೋರಣ್ಣ ಬಸ್ಸಾರು, ಮುದ್ದೆ ಉಂಡು, ಒಂದು ಕವರು ಸಬ್ಬಸಿಗೆಯಂಥ ಗಿಡ ತೆಗೆದುಕೊಂಡು ಖಾಲಿ ವ್ಯಾನಿನಲ್ಲಿ ಹೋದ. ಮಾರನೆಯ ದಿನ ಮಹೇಶ ತಾನೇ ಆನ್ ಆಗಿ ತಾನೇ ಆಫ್ ಆಗುವ ಟೈಮರು ತಂದು ನಿನ್ನ ಕೈಗೆ ಕೊಟ್ಟ, ಚಿನ್ಮಯ. "ತಕ್ಕೋ, ಇನ್ ಮರ್ಯೋ ಮಾತೇ ಇಲ್ಲ," ಎಂದ. ಹಾಗೆಂದು ನನ್ನನ್ನು ನೋಡಿದ. ಅವ್ವನೇ ಹೇಳಲಿ ಎಂದು ಅವನು ಬಿಟ್ಟ. ಅಪ್ಪನೇ ಹೇಳಿದ್ದಾನೆ ಎಂದು ನಾನು ಬಿಟ್ಟೆ. ನೀರು ಒಂದು ವಾರದಲ್ಲಿ ಕನ್ನಡಿಯಾಯಿತು, ಬಾಲ ಹರಿದ ಮೀನು ಮರಿ ಹಾಕಿತು, ಎಲ್ಲರೂ ಖುಷಿಯಲ್ಲಿ ಮರೆತೆವು. ನೀನೊಬ್ಬ ಮಾತ್ರ ಮರೆಯಲಿಲ್ಲ ಎಂದು ಇವತ್ತು ಬೆಳಿಗ್ಗೆ ತಿಳಿಯಿತು.

ಕೇಳು ಕಂದ. ನೀನು ಒಂದು ದಿನವೂ ಮರೆತಿರಲಿಲ್ಲ. ನಾಲ್ಕು ಗಂಟೆಗೆ ಬೂಟು ಬಿಚ್ಚುವ ಮೊದಲೇ, ಬ್ಯಾಗು ಬೆನ್ನ ಮೇಲಿರುವಾಗಲೇ ಬಂದು ಆ ಸ್ವಿಚ್ಚು ಆರಿಸಿ, ಮೀನುಗಳನ್ನು ಎಣಿಸಿ ಹೋಗುತ್ತಿದ್ದೆ. ನಾನು ಮಂಚದ ಮೇಲೆ ಕೂತು ದಿನವೂ ನೋಡುತ್ತಿದ್ದೆ. ಅದಕ್ಕೆ ನಾನೊಬ್ಬಳೇ ಸಾಕ್ಷಿ, ಆ ಸಾಕ್ಷಿಯೇ ಬಾಯಿ ಬಿಡಲಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿಡಿ. ತೊಟ್ಟಿಯ ಹತ್ತಿರ ಇಡಬೇಡಿ, ನೆನೆದಾವು. ಹರ್ಷಿತಾ, ನಿನ್ನ ಮಾರ್ಕ್ಸ್ ಕಾರ್ಡುಗಳ ಫೈಲಿನಲ್ಲಿ ಇಟ್ಟುಕೋ. ಮುಂದೆ ಯಾರಾದರೂ, ಅವನೇ ಆದರೂ ಸರಿ, ಚಿನ್ಮಯನಿಗೆ ಮರೆವು ಎಂದರೆ ತೆಗೆದು ಓದಿಸು. ಕೊನೆಯ ಹಾಳೆಯ ಕೆಳಗೆ ನನ್ನ ರುಜು ಹಾಕಿದ್ದೇನೆ, ಪೂರ್ತಿ ಹೆಸರು, ದಪ್ಪ ಅಕ್ಷರ. ಓದಿದ ಮೇಲೆ ನನ್ನ ಹತ್ತಿರ ಬಂದು ಏನೂ ಕೇಳಬೇಡಿ. ಸುಮ್ಮನೆ ಬಂದು ಪಕ್ಕದಲ್ಲಿ ಕೂತರೆ ಸಾಕು.